ಉತ್ತರ ಬರೆಯದ ಕಾರ್ಡು

ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ಫೈನಲ್ ಇಯರ್‌ನವರ ಮುಖ ನೋಡಿದ್ರೆ ಸಾಕು, ಯಾರ್ಯಾರು ಎಂಎಸ್‌ಗೆ, ಪಿಎಚ್‌ಡಿಗೆ ಅಪ್ಲೈ ಮಾಡಿದ್ದಾರೆ ಅಂತ ಹೇಳಿಬಿಡಬಹುದು. ಲ್ಯಾಬಿನಲ್ಲಿ ರೀಡಿಂಗ್ ತಗೊಳ್ಳುವಾಗಲೂ ಒಂದು ಕಣ್ಣು ಫೋನ್ ಮೇಲೆ. ಅವರ ಹಗಲು ನಮಗೆ ರಾತ್ರಿ, ಹಾಗಾಗಿ ನಡುರಾತ್ರಿ ಎರಡು ಗಂಟೆಗೆ ಎದ್ದು ಮೇಲ್ ನೋಡೋದು. ಪ್ರೊಫೆಸರ್‌ಗಳಿಗೆ ನಾವಾಗಿ ಬರೆದ ಮೇಲ್‌ಗಳಿಗಂತೂ ಉತ್ತರವೇ ಇಲ್ಲ. ಈ ಒದ್ದಾಟ ನಮ್ಮ ಕಾಲದ್ದು ಮಾತ್ರ ಅಂತ ನಾವು ಅಂದುಕೊಂಡಿದ್ದರೆ, ಒಮ್ಮೆ 1901ರ ಯುರೋಪಿಗೆ ಹೋಗಿ ಬರೋಣ. ಅಲ್ಲೊಬ್ಬ ಇಪ್ಪತ್ತೆರಡು ವರ್ಷದ ಹುಡುಗ ದಿನಾ ಅಂಚೆಯವನ ದಾರಿ ಕಾಯ್ತಾ ಇದ್ದ. ಹೆಸರು ಆಲ್ಬರ್ಟ್ ಐನ್‌ಸ್ಟೈನ್. ಆಗಿನ್ನೂ ನಮ್ಮ ವಯಸ್ಸಿನವನೇ, ಹಾಗಾಗಿ ಏಕವಚನದಲ್ಲೇ ಮಾತಾಡೋಣ.

ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ಊರಿನಲ್ಲಿ. ಮನೆಯಲ್ಲೇ ಇಂಜಿನಿಯರಿಂಗ್ ವಾತಾವರಣ. ತಂದೆ ಹರ್ಮನ್ ಮತ್ತು ಚಿಕ್ಕಪ್ಪ ಜೇಕಬ್ ಸೇರಿ ಮ್ಯೂನಿಕ್‌ನಲ್ಲಿ ಡೈನಮೋ, ವಿದ್ಯುತ್ ಉಪಕರಣಗಳನ್ನ ಮಾಡುವ ಕಂಪನಿ ನಡೆಸ್ತಿದ್ರು. 1894ರಲ್ಲಿ ಅದು ಮುಚ್ಚಿತು, ಸಂಸಾರ ಇಟಲಿಗೆ ಹೋಯ್ತು, ಅಲ್ಲಿಯ ವ್ಯಾಪಾರವೂ ಎರಡೇ ವರ್ಷದಲ್ಲಿ ಮುಳುಗಿತು. ಮಗ ಬೇಗ ಓದಿ ಒಂದು ಕೆಲಸ ಹಿಡಿಯಲಿ ಅನ್ನೋ ಆಸೆ ಆ ಮನೆಯಲ್ಲೂ ಇತ್ತು.

1895ರಲ್ಲಿ, ಹದಿನಾರನೇ ವಯಸ್ಸಿಗೇ ಜ್ಯೂರಿಕ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆ ಬರೆದ. ಅಲ್ಲಿಗೆ ಸೇರುವವರ ವಯಸ್ಸು ಸಾಮಾನ್ಯವಾಗಿ ಹದಿನೆಂಟು. ಗಣಿತ, ಭೌತಶಾಸ್ತ್ರದಲ್ಲಿ ಚೆನ್ನಾಗಿ ಮಾಡಿದರೂ ಉಳಿದ ವಿಷಯಗಳಲ್ಲಿ ಸಾಲಲಿಲ್ಲ, ಸೀಟು ಸಿಗಲಿಲ್ಲ. ಒಂದು ವರ್ಷ ಆರೌ ಊರಿನ ಶಾಲೆಯಲ್ಲಿ ಓದಿ 1896ರಲ್ಲಿ ಸೇರಿಕೊಂಡ. ಸೇರಿದ ಮೇಲಾದ್ರೂ ಶಿಸ್ತಾಗಿದ್ನಾ ಅಂದ್ರೆ ಅದೂ ಇಲ್ಲ. ತನಗಿಷ್ಟವಾದ ಭೌತಶಾಸ್ತ್ರವನ್ನ ರೂಮಿನಲ್ಲೇ ಓದ್ತಾ ಕ್ಲಾಸಿಗೆ ಚಕ್ಕರ್ ಹೊಡೀತಿದ್ದ. ಪರೀಕ್ಷೆ ಹತ್ತಿರ ಬಂದಾಗ ಗೆಳೆಯ ಮಾರ್ಸೆಲ್ ಗ್ರಾಸ್‌ಮನ್‌ನ ನೋಟ್ಸೇ ಗತಿ. ಒಂದು ಪ್ರಾಕ್ಟಿಕಲ್ ಕೋರ್ಸಿನಲ್ಲಂತೂ ಅತಿ ಕಡಿಮೆ ಗ್ರೇಡ್ ಬಂತು, ಜೊತೆಗೆ ಸರಿಯಾಗಿ ಬರ್ತಿಲ್ಲ ಅಂತ ಅಧಿಕೃತ ಎಚ್ಚರಿಕೆ ಬೇರೆ. ಭೌತಶಾಸ್ತ್ರದ ಪ್ರೊಫೆಸರ್ ವೆಬರ್ ಅವರ ಜೊತೆಗೂ ಸಂಬಂಧ ಕೆಟ್ಟಿತ್ತು.

1900ರ ಜುಲೈನಲ್ಲಿ ಡಿಪ್ಲೊಮಾ ಕೈಗೆ ಬಂತು. ಸರಾಸರಿ ಆರಕ್ಕೆ 4.91. ಅವನ ಜೊತೆ ಪಾಸಾದ ಮೂವರಿಗೂ ಅದೇ ಸಂಸ್ಥೆಯಲ್ಲಿ ಸಹಾಯಕರ ಕೆಲಸ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಓದುವಾಗ ಸಂಬಂಧಿಕರು ಕಳಿಸ್ತಿದ್ದ ತಿಂಗಳ 100 ಫ್ರಾಂಕ್ ಕೂಡ ನಿಂತುಹೋಯ್ತು. ಸಹಪಾಠಿಗಳೆಲ್ಲಾ ಸೆಟಲ್ ಆಗಿ ತಾನೊಬ್ಬನೇ ಉಳಿದಾಗಿನ ಸಂಕಟ ನಮಗೂ ಗೊತ್ತಿರೋದೇ.

ಆಮೇಲೆ ಶುರುವಾಯ್ತು ಪತ್ರ ಬರೆಯುವ ಕೆಲಸ. ಮೊದಲ ಸಂಶೋಧನಾ ಲೇಖನ 1901ರಲ್ಲಿ ಪ್ರಕಟವಾಯ್ತು. ದ್ರವಗಳು ಸಣ್ಣ ಕೊಳವೆಯಲ್ಲಿ ಏರುವ ಗುಣದ ಬಗ್ಗೆ ಬರೆದದ್ದು. ಅದರ ಪ್ರತಿಯನ್ನ ಮಾರ್ಚ್ 19ರಂದು ಲೈಪ್‌ಜಿಗ್‌ನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೆ ಕಳಿಸಿ, ನಿಮ್ಮ ಬಳಿ ಕೆಲಸ ಇದೆಯಾ ಅಂತ ಕೇಳಿದ. ಉತ್ತರ ಇಲ್ಲ. ಎರಡು ವಾರ ಕಾದು, ಮೊದಲ ಪತ್ರದಲ್ಲಿ ವಿಳಾಸ ಬರೆದಿದ್ನೋ ಇಲ್ವೋ ನೆನಪಿಲ್ಲ ಅನ್ನೋ ನೆಪದಲ್ಲಿ ಇನ್ನೊಂದು ಕಾರ್ಡು ಹಾಕಿದ. ಅಟ್ಯಾಚ್‌ಮೆಂಟ್ ತೆರೆದುಕೊಳ್ತಾ ಅಂತ ವಿಚಾರಿಸುವ ನೆಪದಲ್ಲಿ ನಾವು ಕಳಿಸೋ ರಿಮೈಂಡರ್ ಮೇಲ್ ಇದೇ ತಾನೇ! ಅದಕ್ಕೂ ಉತ್ತರ ಇಲ್ಲ. ಏಪ್ರಿಲ್ 12ರಂದು ಹಾಲೆಂಡಿನ ಲೈಡನ್‌ನಲ್ಲಿದ್ದ ಕಾಮರ್ಲಿಂಗ್ ಓನೆಸ್ ಅವರಿಗೆ ಬರೆದ. ಅವರಿಗೆ ಖರ್ಚಾಗದಿರಲಿ ಅಂತ ಉತ್ತರಕ್ಕೆ ಅಂಚೆಚೀಟಿ ಸಮೇತ ಜೋಡಿ ಕಾರ್ಡನ್ನೇ ಕಳಿಸಿದ. ಆ ಖಾಲಿ ಕಾರ್ಡು ವಾಪಸ್ ಬರಲೇ ಇಲ್ಲ. ವೆಬರ್ ಅವರು ತನ್ನ ಬಗ್ಗೆ ಕೆಟ್ಟದಾಗಿ ಹೇಳ್ತಿದ್ದಾರೇನೋ ಅನ್ನೋ ಅನುಮಾನವೂ ಶುರುವಾಯ್ತು. ಕಾಯುವಾಗ ಮನಸ್ಸು ಇಂಥದ್ದನ್ನೆಲ್ಲಾ ಕಟ್ಟಿಕೊಳ್ಳುತ್ತೆ.

ಮಾರನೇ ದಿನ, ಏಪ್ರಿಲ್ 13ರಂದು, ಇನ್ನೊಂದು ಪತ್ರ ಹೋಯ್ತು. ಬರೆದಿದ್ದು ಐನ್‌ಸ್ಟೈನ್ ಅಲ್ಲ, ಅವನ ತಂದೆ. ಮಗನಿಗೆ ಗೊತ್ತಿಲ್ಲದ ಹಾಗೆ ಹರ್ಮನ್ ಅವರು ಓಸ್ಟ್‌ವಾಲ್ಡ್ ಅವರಿಗೆ ಬರೆದರು. ತಾನು ಅಪರಿಚಿತ, ಕ್ಷಮಿಸಬೇಕು ಅಂತ ಕೇಳಿಕೊಂಡರು. ಮಗ ದಾರಿ ತಪ್ಪಿದೆ ಅಂದುಕೊಂಡು ದಿನೇದಿನೇ ಕುಗ್ಗುತ್ತಿದ್ದಾನೆ, ನಮ್ಮ ಮೇಲೆ ಭಾರ ಆಗಿದ್ದೀನಿ ಅಂತ ಕೊರಗುತ್ತಿದ್ದಾನೆ, ಆದ್ರಿಂದ ಅವನ ಲೇಖನ ಓದಿ ಹುರಿದುಂಬಿಸುವ ನಾಲ್ಕು ಸಾಲು ಬರೀರಿ, ಕೆಲಸ ಕೊಟ್ಟರೆ ಇನ್ನೂ ಸಂತೋಷ ಅಂತ ವಿನಂತಿಸಿದರು. ವ್ಯಾಪಾರದಲ್ಲಿ ಸೋತಿದ್ದ ಒಬ್ಬ ಅಪ್ಪ, ದೊಡ್ಡ ವಿಜ್ಞಾನಿಯ ಮುಂದೆ ಮಗನಿಗಾಗಿ ಕೈಮುಗಿದಿದ್ದು ಅದು. ಅದಕ್ಕೂ ಉತ್ತರ ಬಂದ ದಾಖಲೆ ಇಲ್ಲ. ಊರಿಂದ ಫೋನ್ ಬಂದಾಗ ಮೊದಲು ಊಟ ಆಯ್ತಾ ಅಂತ ಕೇಳಿ, ಆಮೇಲೆ ಮೆಲ್ಲಗೆ ಏನಾದ್ರೂ ಬಂತಾ ಅಂತ ವಿಚಾರಿಸುವ ನಮ್ಮ ಅಪ್ಪ ಅಮ್ಮನ ಮೇಲೆ ರೇಗುವ ಮೊದಲು ಈ ಪತ್ರ ನೆನಪಾಗಲಿ. ಕಾಯ್ತಾ ಇರೋರು ನಾವೊಬ್ಬರೇ ಅಲ್ಲ.

ಅದೇ ದಿನಗಳಲ್ಲಿ, ಅರ್ಜಿ ಹಾಕದ ಕಡೆಯಿಂದ ಒಂದು ಸುದ್ದಿ ಬಂತು. ನೋಟ್ಸ್ ಕೊಡ್ತಿದ್ದ ಅದೇ ಗ್ರಾಸ್‌ಮನ್ ತನ್ನ ತಂದೆಗೆ ಗೆಳೆಯನ ಕಷ್ಟ ಹೇಳಿದ್ದ. ಅವರು ಬರ್ನ್ ನಗರದ ಪೇಟೆಂಟ್ ಕಚೇರಿಯ ನಿರ್ದೇಶಕ ಹಾಲರ್ ಅವರ ಬಳಿ ಮಾತಾಡಿದ್ದರು. ಆದರೆ ಕೆಲಸ ಕೂಡಲೇ ಸಿಗಲಿಲ್ಲ, ಇನ್ನೂ ಒಂದು ವರ್ಷದ ಮೇಲೆ ಕಾಯಬೇಕಾಯ್ತು.

ಆ ವರ್ಷ ಅವನು ಸುಮ್ಮನೆ ಕೂರಲಿಲ್ಲ. ವಿಂಟರ್‌ಟೂರ್‌ನ ಟೆಕ್ನಿಕಲ್ ಶಾಲೆಯಲ್ಲಿ ಎರಡು ತಿಂಗಳು ಬದಲಿ ಮೇಷ್ಟ್ರಾದ, ಆಮೇಲೆ ಶಾಫ್‌ಹೌಸನ್‌ನಲ್ಲಿ ಪಾಠ ಹೇಳಿದ. ನವೆಂಬರ್‌ನಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಸಲ್ಲಿಸಿದ, ಮುಂದಿನ ಫೆಬ್ರವರಿಯಲ್ಲಿ ಅದನ್ನ ವಾಪಸ್ ತಗೊಂಡು ಕಟ್ಟಿದ್ದ 230 ಫ್ರಾಂಕ್ ಫೀಸು ಹಿಂಪಡೆದ. ಕೆಲಸ ಖಚಿತವಾಗುವ ಮೊದಲೇ ಬರ್ನ್‌ಗೆ ಹೋಗಿ, ಗಣಿತ, ಭೌತಶಾಸ್ತ್ರ ಟ್ಯೂಷನ್ ಹೇಳ್ತೀನಿ, ಮೊದಲ ಪಾಠ ಉಚಿತ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಅದನ್ನ ನೋಡಿ ಬಂದ ಸೊಲೊವಿನ್ ಶಿಷ್ಯನಾಗುವ ಬದಲು ಗೆಳೆಯನಾದ. ಹಾಬಿಕ್ಟ್ ಕೂಡ ಸೇರಿದ. ಮೂವರೂ ಸಂಜೆ ಕೂತು ಹ್ಯೂಮ್, ಮಾಕ್, ಪ್ವಾಂಕರೆ ಓದಿ ವಾದ ಮಾಡ್ತಿದ್ರು. ತಮ್ಮ ಗುಂಪಿಗೆ ತಮಾಷೆಗೆ ಒಲಿಂಪಿಯಾ ಅಕಾಡೆಮಿ ಅಂತ ಹೆಸರಿಟ್ಟುಕೊಂಡಿದ್ರು.

ಈ ಕಾಯುವಿಕೆಯ ಬೆಲೆಯನ್ನ ಅವನೊಬ್ಬನೇ ತೆರಲಿಲ್ಲ ಅನ್ನೋದನ್ನೂ ಹೇಳಬೇಕು. ಸಹಪಾಠಿ, ಪ್ರೇಯಸಿ ಮಿಲೆವಾ ಮಾರಿಚ್ 1901ರಲ್ಲಿ ಗರ್ಭಿಣಿ. ಆ ಸ್ಥಿತಿಯಲ್ಲೇ ಎರಡನೇ ಸಲ ಡಿಪ್ಲೊಮಾ ಪರೀಕ್ಷೆ ಬರೆದು ಫೇಲಾದಳು, ಅವಳ ಓದು ಅಲ್ಲಿಗೆ ನಿಂತಿತು. 1902ರ ಆರಂಭದಲ್ಲಿ ತವರಿನಲ್ಲಿ ಹೆಣ್ಣುಮಗುವಾಯ್ತು. ಆ ಮಗು ಇತ್ತು ಅನ್ನೋದೇ ಜಗತ್ತಿಗೆ ಗೊತ್ತಾಗಿದ್ದು 1980ರ ದಶಕದಲ್ಲಿ, ಅವರಿಬ್ಬರ ಹಳೆಯ ಪತ್ರಗಳು ಸಿಕ್ಕಾಗ.

1902ರ ಜೂನ್ 16ರಂದು ಪೇಟೆಂಟ್ ಕಚೇರಿಯಿಂದ ನೇಮಕಾತಿ ಬಂತು. ಮೂರನೇ ದರ್ಜೆಯ ತಾಂತ್ರಿಕ ಪರಿಣತ, ಅದೂ ತಾತ್ಕಾಲಿಕ, ವರ್ಷಕ್ಕೆ 3500 ಫ್ರಾಂಕ್ ಸಂಬಳ. ಅವನು ಕೇಳಿದ್ದ ಕೆಲಸ ಅದಲ್ಲ. ಆದರೆ ಹೊಟ್ಟೆಗೆ ಆಯ್ತು, ತಲೆಗೆ ಬಿಡುವೂ ಸಿಕ್ಕಿತು. ಅಕ್ಟೋಬರ್ 10ರಂದು ತಂದೆ ತೀರಿಕೊಂಡರು. ಮಗನಿಗೆ ಒಂದು ಕೆಲಸ ಆಯ್ತು ಅನ್ನೋದಷ್ಟನ್ನೇ ಅವರು ನೋಡಿದ್ದು.

ಮುಂದಿನದು ನಾವೆಲ್ಲ ಓದಿರೋದೇ. 1905ರಲ್ಲಿ, ಅದೇ ಕಚೇರಿಯಲ್ಲಿ ಇದ್ದುಕೊಂಡೇ, ಬೆಳಕಿನ ಕಣ, ಬ್ರೌನಿಯನ್ ಚಲನೆ, ಸಾಪೇಕ್ಷತೆಯ ಬಗ್ಗೆ ಬರೆದ. ಜ್ಯೂರಿಕ್ ವಿಶ್ವವಿದ್ಯಾಲಯ ಈ ಸಲ ಪಿಎಚ್‌ಡಿಯನ್ನೂ ಒಪ್ಪಿತು. ಪ್ರಬಂಧವನ್ನ ಗ್ರಾಸ್‌ಮನ್‌ಗೆ ಅರ್ಪಿಸಿದ್ದ. ಇಷ್ಟಾದ ಮೇಲೂ 1907ರಲ್ಲಿ ಬರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಹಾಕಿದ ಅರ್ಜಿ ಮೊದಲ ಸಲ ತಿರಸ್ಕಾರವಾಯ್ತು, ಮರುವರ್ಷ ಒಪ್ಪಿಗೆಯಾಯ್ತು. 1912ರಲ್ಲಿ, ಸಹಾಯಕನ ಕೆಲಸವನ್ನೂ ಕೊಡದಿದ್ದ ಅದೇ ಪಾಲಿಟೆಕ್ನಿಕ್‌ಗೆ ಪ್ರೊಫೆಸರ್ ಆಗಿ ವಾಪಸ್ ಬಂದ.

ಅವನಿಗೆ ಹಾಗಾಯ್ತು, ನಮಗೂ ಹಾಗೇ ಆಗುತ್ತೆ ಅಂತ ಹೇಳೋಕೆ ನಾವು ಹೊರಟಿಲ್ಲ. ನಮ್ಮಲ್ಲಿ ಹೆಚ್ಚಿನವರು ಐನ್‌ಸ್ಟೈನ್ ಆಗಲ್ಲ, ಆಗಬೇಕಾಗೂ ಇಲ್ಲ. ಆದರೆ 1901ರಲ್ಲಿ ಅವನಿಗೂ ಮುಂದಿನದು ಗೊತ್ತಿರಲಿಲ್ಲ. ಕೈಲಿದ್ದಿದ್ದು ಒಂದು ಸಣ್ಣ ಲೇಖನ, ಒಬ್ಬ ಒಳ್ಳೆ ಗೆಳೆಯ, ಮತ್ತೆ ಓದುವ ಹಟ. ಇವಿಷ್ಟು ನಮ್ಮ ಕೈಲೂ ಇರೋಕೆ ಸಾಧ್ಯ. ಮೇಲ್ ಬರೋದು ಬಿಡೋದು ನಮ್ಮ ಕೈಲಿಲ್ಲ. ಪ್ರಾಜೆಕ್ಟ್ ಮುಗಿಸೋದು, ಪಕ್ಕದ ರೂಮಿನವನ ಹತ್ರ ಭಯ ಹೇಳಿಕೊಳ್ಳೋದು, ರಾತ್ರಿ ಫೋನ್ ದೂರ ಇಟ್ಟು ಮಲಗೋದು ನಮ್ಮ ಕೈಲಿದೆ. ಮೌನ ಅಂದ್ರೆ ನಿರಾಕರಣೆ ಅಂತಲೂ ಅಲ್ಲ, ನಮ್ಮ ಯೋಗ್ಯತೆಯ ಮೇಲಿನ ತೀರ್ಪಂತೂ ಅಲ್ಲವೇ ಅಲ್ಲ.

ಯಾಕಂದ್ರೆ, ಪತ್ರಗಳಿಗೆ ಉತ್ತರ ಕೊಡದಿದ್ದ ಅದೇ ಓಸ್ಟ್‌ವಾಲ್ಡ್ ಅವರು 1910ರ ನೊಬೆಲ್ ಬಹುಮಾನಕ್ಕೆ ಐನ್‌ಸ್ಟೈನ್ ಹೆಸರನ್ನ ಸೂಚಿಸಿದರು. ಅವನ ಹೆಸರು ಸೂಚಿಸಿದವರಲ್ಲಿ ಅವರೇ ಮೊದಲಿಗರು. ಕಾಮರ್ಲಿಂಗ್ ಓನೆಸ್ ಅವರಿದ್ದ ಲೈಡನ್ ವಿಶ್ವವಿದ್ಯಾಲಯ 1920ರಲ್ಲಿ ಅವನನ್ನ ವಿಶೇಷ ಪ್ರಾಧ್ಯಾಪಕನಾಗಿ ಕರೆಸಿಕೊಂಡಿತು. ಆ ಜೋಡಿ ಕಾರ್ಡು ಇವತ್ತಿಗೂ ಲೈಡನ್‌ನ ಬೂರ್ಹಾವೆ ಮ್ಯೂಸಿಯಂನಲ್ಲಿದೆ. ಉತ್ತರದ ಭಾಗ ಈಗಲೂ ಖಾಲಿ.