ದೇವಳಾಲಿಯ ಗಣಿತದ ಮೇಷ್ಟರು

ಕುರ್ಲಾದಿಂದ ಕಲ್ಯಾಣದ ಕಡೆಗೆ ಹೋಗಿಬರುವ ನಮ್ಮ ಕನ್ನಡ ಬಂಧುಗಳಿಗೆ ಡೊಂಬಿವಲಿ ನಿಲ್ದಾಣ ಹೊಸದಲ್ಲ. ಅದರ ಹಳೆಯ ಹೆಸರಾದ ‘ಡೆಮ್ಲೋ’ ಗಣಿತಶಾಸ್ತ್ರದಲ್ಲಿ ಸೇರಿಹೋಗಿದೆಯೆಂಬುದನ್ನು ಬಲ್ಲವರು ಮಾತ್ರ ವಿರಳ. ಆ ನಿಲ್ದಾಣದಲ್ಲಿ ತಮಗೆ ಹೊಳೆದ ಒಂದು ಬಗೆಯ ಸಂಖ್ಯೆಗಳಿಗೆ ಆ ಹೆಸರನ್ನಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು.

1905ರಲ್ಲಿ ಡಹಾಣುವಿನಲ್ಲಿ ಜನಿಸಿದ ಇವರು ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದ ಹವ್ಯಾಸ. ಆ ಲೆಕ್ಕಾಚಾರದ ರುಚಿ ಮಗನಿಗೂ ಹತ್ತಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1929ರಲ್ಲಿ ಬಿ.ಎಸ್‌ಸಿ. ಆದರು. ಮುಂದಿನ ಪದವಿ ಪಡೆಯಲಿಲ್ಲ. 1930ರಿಂದ 1962ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದರು.

ಅವರು ಕಂಡ ಒಂದು ಸೋಜಿಗವನ್ನು ನೋಡೋಣ. ಒಂದು ಸಂಖ್ಯೆಗೆ ಅದರ ಅಂಕೆಗಳನ್ನೇ ಕೂಡಿಸಿರಿ. 14ಕ್ಕೆ 1 ಮತ್ತು 4 ಕೂಡಿದರೆ 19. 15ಕ್ಕೆ 1 ಮತ್ತು 5 ಕೂಡಿದರೆ 21. ಆದರೆ ಯಾವ ಸಂಖ್ಯೆಯಿಂದ ಹೊರಟರೂ 20 ಬಾರದು! ಹೀಗೆ ಮತ್ತೊಂದರಿಂದ ಹುಟ್ಟದ ಸಂಖ್ಯೆಗಳಿಗೆ ‘ದೇವಳಾಲಿ ಸಂಖ್ಯೆ’ ಎಂದು ಹೆಸರಾಯಿತು. ಸ್ವಯಂಭೂ ಲಿಂಗಗಳನ್ನು ಪೂಜಿಸುವ ನಾವು ಇವನ್ನು ಸ್ವಯಂಭೂ ಸಂಖ್ಯೆಗಳೆನ್ನಬಹುದು.

ಇವುಗಳಲ್ಲಿ ಅವಿಭಾಜ್ಯ ಸಂಖ್ಯೆಗಳೆಷ್ಟು? ನಾವು ನಮ್ಮ ಮನೆಯ ಹುಡುಗನೊಡನೆ ಕುಳಿತು ಕಂಪ್ಯೂಟರಿಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದೆವು. 1ರಿಂದ 100ರವರೆಗಿನ ಪ್ರತಿ ಸಂಖ್ಯೆಗೂ ಅದರ ಅಂಕೆಗಳನ್ನು ಕೂಡಿಸಿ, ಬಂದ ಉತ್ತರವನ್ನು ಪಟ್ಟಿಯಿಂದ ಹೊಡೆದುಹಾಕುವುದು. ಉಳಿದವುಗಳಲ್ಲಿ 1ನ್ನು ಬಿಟ್ಟು, ತನಗಿಂತ ಚಿಕ್ಕದಾದ 2, 3, 5, 7ರಲ್ಲಿ ಯಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲಾಗದವನ್ನು ಆರಿಸುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಸಂಖ್ಯೆಗಳು ಬಂದವು: 3, 5, 7, 31, 53, 97. ಯಂತ್ರ ಕ್ಷಣದಲ್ಲಿ ಮಾಡುವ ಇಂಥ ಕೆಲಸವನ್ನು ಮೇಷ್ಟರು ಕಾಗದದ ಮೇಲೆ ಕೈಯಿಂದಲೇ ಮಾಡುತ್ತಿದ್ದರು.

ನಮ್ಮ ದೇಶದ ಪಂಡಿತರಲ್ಲಿ ಹಲವರು ಇದನ್ನು ಹುಡುಗಾಟವೆಂದು ಬಗೆದರು. ನಿವೃತ್ತಿಯ ತರುವಾಯ ಪಿಂಚಣಿ ಸಾಲದೆ ಅವರು ಮನೆಪಾಠ ಹೇಳಬೇಕಾಯಿತು. 1975ರಲ್ಲಿ ಅಮೆರಿಕೆಯ ಮಾರ್ಟಿನ್ ಗಾರ್ಡ್ನರರು ತಮ್ಮ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ಲೋಕಕ್ಕೆ ತಿಳಿಯಿತು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ತೀರಿಕೊಂಡರು.

ದಿನವೆಲ್ಲ ಬ್ಯಾಂಕಿನಲ್ಲಿ ಪರರ ಹಣದ ಅಂಕೆಗಳನ್ನು ಕೂಡುವ ನಮಗೆ ಈ ಗುಮಾಸ್ತರ ಮಗನ ಬಾಳು ಆಪ್ತವೆನಿಸುತ್ತದೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿಲ್ಲದ ಲೆಕ್ಕವೊಂದನ್ನು ಹಿಡಿದು ಕುಳಿತರೆ, ಬಂಧುಗಳೇ, ಗದರಿಸದಿರೋಣ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ನಾವೂ ಒಂದಿಷ್ಟು ಕೂಡೋಣ.