ದಿನಕ್ಕೆ ಎರಡು ಪೈಸೆ: ಕುದ್ಮುಲ್ ರಂಗರಾಯರ ನೆನಪು



ಕಲಂಗೂಟ್, ಬಾಗಾ ಕಡಲತೀರದಲ್ಲಿ ಬಟ್ಟೆ, ಮಣಿಸರ ಹೊತ್ತು ಮಾರುವ ನಮ್ಮ ಲಂಬಾಣಿ ತಾಯಂದಿರನ್ನು ನೀವೆಲ್ಲ ನೋಡಿದ್ದೀರಿ. ಕೆಲವೊಮ್ಮೆ ಜೊತೆಗೆ ಮಕ್ಕಳೂ ಮಾರುತ್ತಿರುತ್ತಾರೆ. ಮಕ್ಕಳ ದುಡಿಮೆಗೆ ತಡೆಹಾಕಲು 2003ರ ಗೋವಾ ಮಕ್ಕಳ ಕಾಯ್ದೆ ಇದೆ. ಆದರೆ ಮಗುವಿನ ಸಂಪಾದನೆ ನಿಂತರೆ ಆ ಮನೆಯ ಗಂಜಿಗೇನು ದಾರಿ? ಈ ಪ್ರಶ್ನೆಗೆ ಶತಮಾನದ ಹಿಂದೆಯೇ ಮಂಗಳೂರಿನಲ್ಲಿ ಉತ್ತರ ಹುಡುಕಿದವರು ಕುದ್ಮುಲ್ ರಂಗರಾಯರು.

1859ರ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಮನೆತನದಲ್ಲಿ ಹುಟ್ಟಿದರು. (ಸಾರಸ್ವತರ ಮೂಲ ಗೋವಾ ಎಂಬುದನ್ನು ಇಲ್ಲಿರುವ ನಮಗೆ ಯಾರೂ ಹೇಳಬೇಕಿಲ್ಲ.) ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು, ಬ್ರಹ್ಮಸಮಾಜ ಸೇರಿದರು.

1891ರ ಕಾರ್ಖಾನೆ ಕಾಯ್ದೆಯ ಪ್ರಕಾರ ಒಂಬತ್ತು ವರ್ಷದ ಮಗು ಬಟ್ಟೆ ಗಿರಣಿಯಲ್ಲಿ ದಿನಕ್ಕೆ ಏಳು ಗಂಟೆ ದುಡಿಯಬಹುದಿತ್ತು. ಅದನ್ನೇ ಸುಧಾರಣೆ ಎಂದು ಕರೆಯುತ್ತಿದ್ದ ಕಾಲ! ಹೊಲದಲ್ಲಿ, ಧಣಿಗಳ ಮನೆಯಲ್ಲಿ ದುಡಿಯುವ ದಲಿತ ಮಕ್ಕಳಿಗಂತೂ ಆ ಮಿತಿಯೂ ಇರಲಿಲ್ಲ. ಮರುವರ್ಷವೇ, 1892ರಲ್ಲಿ, ರಂಗರಾಯರು ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. ಮೇಲ್ಜಾತಿಯವರು ಸಿಟ್ಟಾದರು, ಸ್ವಜಾತಿಯವರು ಅವರನ್ನು ದೂರವಿಟ್ಟರು. ಕಲಿಸಲು ಮೇಷ್ಟ್ರು ಸಿಗುವುದೇ ಕಷ್ಟವಾಯಿತು.

ಅದಕ್ಕಿಂತ ದೊಡ್ಡ ತೊಡಕೆಂದರೆ, ಸೇರಿದ ಮಕ್ಕಳು ನಿಲ್ಲುತ್ತಿರಲಿಲ್ಲ. ಮಗ ಶಾಲೆಯಲ್ಲಿ ಕೂತರೆ ಮನೆಗೆ ಬರುವ ಕೂಲಿ ತಪ್ಪುತ್ತಿತ್ತು. ರಂಗರಾಯರು ತಂದೆತಾಯಿಗೆ ಉಪದೇಶ ಮಾಡುತ್ತಾ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡತೊಡಗಿದರು. ಶಾಲೆ ಬಿಟ್ಟು ಹೋಗುವವರು ಕಡಿಮೆಯಾದರು. ನನ್ನ ಮಟ್ಟಿಗೆ ಅವರ ಇಡೀ ಬದುಕಿನಲ್ಲಿ ಇದೇ ಬಹಳ ಬುದ್ಧಿವಂತಿಕೆಯ ಕೆಲಸ. ವಕೀಲರಲ್ಲವೇ, ಎದುರು ಪಕ್ಷದ ವಾದವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು.

1897ರಲ್ಲಿ ದಲಿತೋದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶೇಡಿಗುಡ್ಡೆಯಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸದಂಥ ಕಸುಬುಗಳನ್ನೂ ಕಲಿಸಲಾಯಿತು. ಗಿರಣಿಯಲ್ಲಿ ನೂಲಿನ ಮುಂದೆ ಬಾಲ್ಯ ಸವೆಯುತ್ತಿತ್ತು. ಇಲ್ಲಿ ಅದೇ ನೂಲು ದೊಡ್ಡವನಾದ ಮೇಲಿನ ಅನ್ನದ ದಾರಿ. ಮನೆಯಿಲ್ಲದವರಿಗೆ ನಿವೇಶನವನ್ನೂ ಕೊಡಿಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಜಾತಿ ನೋಡದೆ ಮರುಮದುವೆ ಮಾಡಿಸಿದರು. ಆಕೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು.

ಕೊನೆಗಾಲದಲ್ಲಿ ಸಂನ್ಯಾಸ ತೆಗೆದುಕೊಂಡು ಈಶ್ವರಾನಂದರೆನಿಸಿದ ಅವರು 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆಯನ್ನು ದಲಿತರೇ ನಡೆಸಿದರು. ಸಮಾಧಿ ಮಂಗಳೂರಿನ ನಂದಿಗುಡ್ಡೆಯಲ್ಲಿದೆ. ಊರಿಗೆ ಹೋದಾಗ ನೋಡಿ ಬನ್ನಿ.