ರುಡಾಲ್ಫ್ ಡೀಸೆಲ್: ಹನಿ ಇಂಧನವನ್ನು ಒಲಿಸಿಕೊಳ್ಳಲು ಹೆಣಗಿದ ಬದುಕು

ನಾಡಿನ ಯಾವ ಪೆಟ್ರೋಲ್ ಬಂಕ್‌ಗೆ ಹೋದರೂ ಕಿವಿಗೆ ಬೀಳುವ ಹೆಸರು ಡೀಸೆಲ್. ಅದು ಎಣ್ಣೆಯ ಹೆಸರಾಗುವ ಮುನ್ನ ಒಬ್ಬ ಮನುಷ್ಯನ ಹೆಸರಾಗಿತ್ತೆಂಬುದು ಬಹುಮಂದಿಗೆ ಮರೆತೇಹೋಗಿದೆ. ತರಕಾರಿ ಹೇರಿಕೊಂಡು ಹೊರಟ ಪಿಕಪ್ ವಾಹನವೊಂದು ಏರುದಾರಿಯಲ್ಲಿ ಎಳೆಯಲಾರದೆ ಮುಗ್ಗರಿಸಿದರೆ ಅನುಭವಿ ಮೆಕ್ಯಾನಿಕ್‌ಗಳು ಮೊದಲು ಸಂಶಯಿಸುವ ಸಂಗತಿಗಳಲ್ಲಿ ಇಂಧನ ಪೂರೈಕೆಯೂ ಒಂದು. ಟ್ಯಾಂಕಿನಲ್ಲಿರುವ ಇಂಧನವು ತಕ್ಕ ಹೊತ್ತಿಗೆ, ತಕ್ಕ ಪ್ರಮಾಣದಲ್ಲಿ, ತಕ್ಕ ಒತ್ತಡದೊಡನೆ ಸಿಲಿಂಡರ್ ಸೇರುತ್ತಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಈ ಪ್ರಶ್ನೆ ಡೀಸೆಲ್ ಇಂಜಿನ್‌ನಷ್ಟೇ ಹಳೆಯದು. ಆ ಇಂಜಿನ್‌ನ ಜನಕ ರುಡಾಲ್ಫ್ ಡೀಸೆಲ್ ಅವರನ್ನು ಜೀವನಪೂರ್ತಿ ಕಾಡಿದ್ದೂ ಇದೇ ಪ್ರಶ್ನೆ.

ಯುದ್ಧ ತಂದ ವಲಸೆ

ರುಡಾಲ್ಫ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಮೂಲದವರು. ತಂದೆಗೆ ಚರ್ಮದ ವಸ್ತುಗಳನ್ನು ತಯಾರಿಸುವ ಕಸುಬು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಆರಂಭವಾದಾಗ ಜರ್ಮನ್ ಕುಟುಂಬಗಳಿಗೆ ಪ್ಯಾರಿಸ್‌ನಲ್ಲಿ ನೆಲೆಯಿಲ್ಲದಂತಾಯಿತು. ಡೀಸೆಲ್ ಕುಟುಂಬ ಲಂಡನ್ ಸೇರಿತು. ಹನ್ನೆರಡರ ಬಾಲಕನನ್ನು ಮಾತ್ರ ವಿದ್ಯಾಭ್ಯಾಸಕ್ಕೆಂದು ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಲಾಯಿತು. ಅಲ್ಲಿ ಯಂತ್ರವಿದ್ಯೆಯ ನಂಟು ಗಟ್ಟಿಯಾಯಿತು.

ಮುಂದೆ ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಶೀತಲೀಕರಣ ತಜ್ಞ ಕಾರ್ಲ್ ಫಾನ್ ಲಿಂಡೆ ಅವರ ಪಾಠಗಳನ್ನು ಕೇಳುವ ಅವಕಾಶ ದೊರೆಯಿತು. ಉಗಿಯಂತ್ರವು ಕಲ್ಲಿದ್ದಲಿನ ಶಾಖದ ಬಹುಪಾಲನ್ನು ವ್ಯರ್ಥಗೊಳಿಸಿ, ಹತ್ತರಲ್ಲಿ ಒಂದು ಪಾಲನ್ನಷ್ಟೇ ಕೆಲಸಕ್ಕೆ ಒದಗಿಸುತ್ತದೆಂಬ ಲೆಕ್ಕ ವಿದ್ಯಾರ್ಥಿಯ ಮನಸ್ಸಿನಲ್ಲಿ ಬೇರೂರಿತು. ಈ ವ್ಯರ್ಥವನ್ನು ತಡೆಯುವುದೇ ಅವರ ಬಾಳಿನ ಗುರಿಯಾಯಿತು. 1880ರಲ್ಲಿ ಪದವಿ ಪಡೆದ ರುಡಾಲ್ಫ್, ಪ್ಯಾರಿಸ್‌ನಲ್ಲಿ ಲಿಂಡೆ ಅವರ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆ ಸೇರಿದರು. 1883ರಲ್ಲಿ ಮಾರ್ಥಾ ಅವರನ್ನು ವರಿಸಿದರು. ದಂಪತಿಗೆ ಮೂವರು ಮಕ್ಕಳು.

ಕಿಡಿಯಿಲ್ಲದ ಬೆಂಕಿ

ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಸೈಕಲ್ ಪಂಪ್ ಒತ್ತಿದವರಿಗೆಲ್ಲ ಇದು ತಿಳಿದದ್ದೇ. ಸಿಲಿಂಡರ್‌ನಲ್ಲಿ ಗಾಳಿಯನ್ನು ಇನ್ನೂ ಹಲವು ಪಟ್ಟು ಅದುಮಿ, ಹಾಗೆ ಕಾದ ಗಾಳಿಗೆ ಇಂಧನ ಸೇರಿಸಿದರೆ ಕಿಡಿಯ ಹಂಗಿಲ್ಲದೆ ಅದು ಹೊತ್ತಿಕೊಳ್ಳಬೇಕು ಎಂಬುದು ರುಡಾಲ್ಫ್ ಅವರ ತರ್ಕ. ಈ ತತ್ವಕ್ಕೆ 1893ರಲ್ಲಿ ಜರ್ಮನಿಯ ಪೇಟೆಂಟ್ ದೊರೆಯಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಸಂಸ್ಥೆ ಪ್ರಯೋಗಕ್ಕೆ ಬೆಂಬಲ ನೀಡಿದವು.

ಅದೇ ವರ್ಷದ ಆಗಸ್ಟ್ 10ರಂದು ಮೊದಲ ಪರೀಕ್ಷೆ ನಡೆಯಿತು. ಇಂಧನವೇನೋ ಹೊತ್ತಿಕೊಂಡಿತು. ಆದರೆ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ತತ್ವ ಸರಿಯೆಂದು ಸಿದ್ಧವಾದರೂ ಯಂತ್ರ ತನ್ನ ಬಲದಿಂದ ಓಡಲಿಲ್ಲ.

ನಿಜವಾದ ತೊಡಕು ಎದುರಾದದ್ದು ಇಲ್ಲಿ. ಅದುಮಿದ ಗಾಳಿಯೊಳಗೆ ಇಂಧನವನ್ನು ನುಗ್ಗಿಸಬೇಕಾದರೆ ಅದಕ್ಕೆ ಆ ಗಾಳಿಯನ್ನೂ ಮೀರಿಸುವ ಒತ್ತಡ ಬೇಕು. ಪ್ರತಿ ಸಲವೂ ಅಳತೆ ಒಂದೇ ಆಗಿರಬೇಕು. ಹನಿಯು ಮಂಜಿನಂತೆ ಚದುರಬೇಕು. ಅಷ್ಟು ಸೂಕ್ಷ್ಮವಾದ ಪಂಪನ್ನು ತಯಾರಿಸುವ ಶಕ್ತಿ ಅಂದಿನ ಕಾರ್ಖಾನೆಗಳಿಗಿರಲಿಲ್ಲ. ಹೀಗಾಗಿ ರುಡಾಲ್ಫ್ ಬೇರೆ ದಾರಿ ಹಿಡಿದರು. ಪ್ರತ್ಯೇಕ ಕಂಪ್ರೆಸರ್ ಇರಿಸಿ, ಅದರ ಗಾಳಿಯ ರಭಸದಿಂದಲೇ ಇಂಧನವನ್ನು ಒಳಗೆ ಊದುವ ವ್ಯವಸ್ಥೆ ಮಾಡಿದರು. 1894ರ ಫೆಬ್ರುವರಿ 17ರಂದು ಯಂತ್ರ ಸುಮಾರು ಒಂದು ನಿಮಿಷ ತಾನಾಗಿ ಓಡಿತು. ಮತ್ತೆ ಮೂರು ವರ್ಷಗಳ ಪರಿಶ್ರಮದ ಬಳಿಕ, 1897ರ ಫೆಬ್ರುವರಿಯಲ್ಲಿ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ನಡೆಸಿದ ಅಧಿಕೃತ ಪರೀಕ್ಷೆಯಲ್ಲಿ ಇಂಜಿನ್‌ನ ದಕ್ಷತೆ ಶೇ 26.2 ಎಂದು ದಾಖಲಾಯಿತು. ಜಗತ್ತು ಬೆರಗಾಯಿತು.

ಕೀರ್ತಿಯ ಬೆನ್ನಿಗೇ ಬಿರುಕು

ಪರವಾನಗಿ ಮಾರಾಟದಿಂದ ಹಣ ಹರಿದುಬಂತು. ಆದರೆ ಪ್ರಯೋಗಶಾಲೆಯಲ್ಲಿ ಗೆದ್ದ ಯಂತ್ರ ಗಿರಾಕಿಯ ಅಂಗಳದಲ್ಲಿ ಮತ್ತೆ ಮತ್ತೆ ಕೆಟ್ಟು ನಿಂತಿತು. ದೂರುಗಳು ಬಂದವು, ರಿಪೇರಿಗೆ ಎಂಜಿನಿಯರ್‌ಗಳು ಓಡಾಡಬೇಕಾಯಿತು. ನಿರಂತರ ದುಡಿಮೆ ಮತ್ತು ಪೇಟೆಂಟ್ ವ್ಯಾಜ್ಯಗಳಿಂದ ಬಳಲಿದ ರುಡಾಲ್ಫ್ ಅವರ ಆರೋಗ್ಯವೂ ಕುಸಿಯಿತು. ಭೂವ್ಯವಹಾರದಲ್ಲಿ ತೊಡಗಿಸಿದ ಹಣ ಕರಗಿತು.

ಯಂತ್ರ ಮಾತ್ರ ನಿಧಾನವಾಗಿ ಪಕ್ವಗೊಂಡಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದಲೂ ಓಡಿತು. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಹಡಗು ಡೀಸೆಲ್ ಬಲದಿಂದ ಸಾಗರಯಾನ ಕೈಗೊಂಡಿತು. ಹಡಗು ಮತ್ತು ಕಾರ್ಖಾನೆಗಳಿಗೆ ಕಂಪ್ರೆಸರ್‌ನ ಭಾರ ಹೊರೆಯಾಗಲಿಲ್ಲ. ಆದರೆ ಲಾರಿಗೆ ಅದು ಹೊರಲಾಗದ ಹೊರೆ. ರಸ್ತೆಯ ಮೇಲೆ ಓಡುವ ಡೀಸೆಲ್ ವಾಹನದ ಕನಸು ಅವರ ಜೀವಿತಾವಧಿಯಲ್ಲಿ ಕೈಗೂಡಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಎಂಬ ಹಡಗನ್ನೇರಿದರು. ಗೆಳೆಯರೊಡನೆ ಊಟ ಮುಗಿಸಿ, ಬೆಳಗ್ಗೆ ಎಬ್ಬಿಸುವಂತೆ ತಿಳಿಸಿ ಕೋಣೆಗೆ ತೆರಳಿದರು. ಬೆಳಗಾದಾಗ ಹಾಸಿಗೆ ಮಡಿಕೆ ಮುರಿಯದೆ ಹಾಗೆಯೇ ಇತ್ತು. ಕೆಲವು ದಿನಗಳ ಬಳಿಕ ಸಮುದ್ರದಲ್ಲಿ ದೊರೆತ ಶವದ ಬಳಿಯಿದ್ದ ವಸ್ತುಗಳನ್ನು ಮಗ ಗುರುತಿಸಿದ. ಬಹುಪಾಲು ಇತಿಹಾಸಕಾರರು ಆತ್ಮಹತ್ಯೆಯೆಂದೇ ಭಾವಿಸುತ್ತಾರೆ. ಸಂಶಯಗಳು ಮಾತ್ರ ಇಂದಿಗೂ ಅಳಿದಿಲ್ಲ. ಅವರು ದಿವಾಳಿಯ ಅಂಚಿನಲ್ಲಿದ್ದರೆಂಬುದು ಆನಂತರ ಬಯಲಾಯಿತು.

ಬೆಂಗಳೂರಿಗೆ ಬಂದ ಉತ್ತರ

ರುಡಾಲ್ಫ್ ಬಿಟ್ಟುಹೋದ ಒಗಟನ್ನು ಬಿಡಿಸಿದವರು ಅವರ ನಂತರದವರು. 1923–24ರ ವೇಳೆಗೆ ಕಂಪ್ರೆಸರ್ ರಹಿತ ಇಂಜಿನ್ ಹೊತ್ತ ಲಾರಿಗಳು ಜರ್ಮನಿಯಲ್ಲಿ ಸಿದ್ಧವಾದವು. 1927ರಲ್ಲಿ ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ಸಂಸ್ಥೆ ಇಂಧನವನ್ನು ಕರಾರುವಾಕ್ಕಾಗಿ ಅಳೆದು ಚಿಮ್ಮಿಸುವ ಪಂಪ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಡೀಸೆಲ್ ಇಂಜಿನ್ ರಸ್ತೆಗಿಳಿಯಲು ಇದೇ ಮುಖ್ಯ ಕಾರಣವಾಯಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಅದೇ ವಿದ್ಯೆಯನ್ನು ಬೆಂಗಳೂರಿನ ಆಡುಗೋಡಿಗೆ ತಂದಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದುಕೊಂಡಿದೆ.

ಇಂದಿನ ಪಿಕಪ್ ವಾಹನದ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರ್‌ಗೆ ನಿಮಿಷಕ್ಕೆ 1,000 ಬಾರಿ ಇಂಧನ ಚಿಮ್ಮಬೇಕು. ಕಾಮನ್ ರೈಲ್ ವ್ಯವಸ್ಥೆಯಲ್ಲಿ ಅದರ ಒತ್ತಡ ಸಾವಿರ ಬಾರ್ ಮೀರುತ್ತದೆ. ಇಷ್ಟು ಬಿಗಿಯಾದ ವ್ಯವಸ್ಥೆಯನ್ನೂ ಒಂದಿಷ್ಟು ಕಸ, ನೀರು ಅಥವಾ ಗಾಳಿ ನಿಲ್ಲಿಸಬಲ್ಲದು.

ಆದುದರಿಂದ ದೋಷ ಹುಡುಕುವ ಕೆಲಸ ಸಾಮಾನ್ಯವಾಗಿ ಅಗ್ಗದ ಕಡೆಯಿಂದ ಆರಂಭವಾಗುತ್ತದೆ. ಮೊದಲು ಟ್ಯಾಂಕ್, ಬಳಿಕ ಫಿಲ್ಟರ್, ಅದರ ತಳದಲ್ಲಿ ಸೇರಿದ ನೀರು, ಆಮೇಲೆ ಪೈಪಿನ ಸಂದುಗಳು. ಸಂದು ಸಡಿಲವಾದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರಿಬಿಡುತ್ತದೆ. ರಾತ್ರಿ ನಿಲ್ಲಿಸಿದ ವಾಹನ ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುವುದು ಇದರ ಸುಳಿವು. ಲೋಡ್ ಬಿದ್ದಾಗ ಮಾತ್ರ ಶಕ್ತಿ ಕುಂದಿದರೆ ಫಿಲ್ಟರ್ ಕಟ್ಟಿರಬಹುದು. ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಕಂಡರೆ ಇಂಧನ ಪೂರ್ತಿ ಹೊತ್ತಿಕೊಳ್ಳುತ್ತಿಲ್ಲ ಎಂದೂ, ಕಪ್ಪು ಹೊಗೆ ಕಂಡರೆ ಗಾಳಿಗಿಂತ ಇಂಧನ ಹೆಚ್ಚಾಗಿದೆ ಅಥವಾ ಇಂಜೆಕ್ಟರ್ ಸರಿಯಾಗಿ ಚದುರಿಸುತ್ತಿಲ್ಲ ಎಂದೂ ಊಹಿಸಬಹುದು. ಇವೆಲ್ಲ ಸರಿಯಿದ್ದರಷ್ಟೇ ದುಬಾರಿ ಪಂಪ್ ಮತ್ತು ಇಂಜೆಕ್ಟರ್‌ಗಳ ಸರದಿ. ಹಳೆಯ ಇಂಜಿನ್‌ಗಳಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಕೆಲಸ ಮಾಡದ ಸಿಲಿಂಡರನ್ನು ಪತ್ತೆಹಚ್ಚುವ ರೂಢಿಯಿತ್ತು. ಕಾಮನ್ ರೈಲ್ ಇಂಜಿನ್ ಓಡುತ್ತಿರುವಾಗ ಹಾಗೆ ಮಾಡುವಂತಿಲ್ಲ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳನುಗ್ಗುತ್ತದೆ.

ಒತ್ತಡ, ಅಳತೆ, ಹೊತ್ತು, ಚದುರುವಿಕೆ. ಈ ನಾಲ್ಕರಲ್ಲಿ ಯಾವುದು ತಪ್ಪಿದೆಯೆಂದು ಹುಡುಕುವುದೇ ಇಂದಿನ ಗ್ಯಾರೇಜಿನ ವಿದ್ಯೆ. ಅವನ್ನು ಒಟ್ಟಿಗೆ ಹಿಡಿದಿಡಲು ಆಗ್ಸ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಸವೆಸಿದ ಎಂಜಿನಿಯರ್‌ಗೆ ಅದರ ಪೂರ್ಣ ಫಲವನ್ನು ರಸ್ತೆಯ ಮೇಲೆ ಕಾಣುವ ಭಾಗ್ಯವಿರಲಿಲ್ಲ. ಮರಣಕಾಲಕ್ಕೆ ಅವರಿಗೆ 55 ವರ್ಷ.